ಗೌಹರ್ ಜಾನ್ ಕೇಳಿದ ಕೂಲಿ

ಸಿ.ಎಸ್. ಪುರದ ಚಹಾದಂಗಡಿಯಲ್ಲಿ ಹುಡುಗನೊಬ್ಬನ ಮೊಬೈಲಿನಲ್ಲಿ ಗೌಹರ್ ಜಾನ್ ಹಾಡುತ್ತಿದ್ದರು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮೋಫೋನ್ ಕಂಪನಿಗೆ ಹಾಡಲು ಅವರು ಕೇಳಿದ್ದು 3000 ರೂಪಾಯಿ ಎನ್ನುತ್ತಾರೆ. ಜಂಬವೆಂದವರೂ ಇದ್ದಿರಬಹುದು, ನನಗದು ಜಾಣತನವಾಗಿ ಕಾಣುತ್ತದೆ. ಆಗ ಹೆಚ್ಚಿನ ಗಾಯಕರಿಗೆ ಒಮ್ಮೆ ಕೈಗಿಟ್ಟರೆ ಮುಗಿಯಿತು, ಪ್ಲೇಟು ಎಷ್ಟು ಮಾರಿದರೂ ಲಾಭ ಕಂಪನಿಯದು. ನೂರಾರು ಹಾಡು ಮುದ್ರಿಸಿದ ಈ ತಾರೆ 1928ರಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು. ತಿಂಗಳಿಗೆ 500 ರೂಪಾಯಿ ಸಂಬಳ. 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು.

ಹಾಡುವವರಿಗೂ ಹಕ್ಕುಂಟೆಂದು ನಮ್ಮ ಕಾಪಿರೈಟ್ ಕಾಯಿದೆ ಒಪ್ಪಿದ್ದು 1994ರಲ್ಲಿ, ರಾಯಲ್ಟಿಯ ಪಾಲು ಬರೆದದ್ದು 2012ರಲ್ಲಿ. ಈಗಿನ ಸ್ಟ್ರೀಮಿಂಗಿನಲ್ಲಿ ಹಣ ಒಂದೇ ಹುಂಡಿಗೆ ಬಿದ್ದು, ಹೆಚ್ಚು ಕೇಳಿಸಿಕೊಂಡವರ ಕಡೆಗೇ, ಅದೂ ಕಂಪನಿಯ ಕೈ ದಾಟಿ, ಹರಿಯುತ್ತದೆ.

ಹಾಡಿನ ಕೊನೆಗೆ ತಮ್ಮ ಹೆಸರು ಹೇಳುವುದು ಗೌಹರ್ ರೂಢಿ. ಹುಡುಗ ಅಷ್ಟರೊಳಗೇ ಮುಂದಿನ ಹಾಡಿಗೆ ಬೆರಳು ಸರಿಸಿದ.