ಪಹಣಿ ಪೆಟ್ಟಿಗೆಯ ಹೊಟ್ಟೆಯೊಳಗೆ

ಭಾಲ್ಕಿ, ಔರಾದ್ ಕಡೆಯ ಅನೇಕ ರೈತರಿಗೆ ಕಂಪ್ಯೂಟರಿನ ಮೊದಲ ದರ್ಶನವಾದದ್ದು ತಹಸೀಲ್ದಾರ್ ಕಚೇರಿಯಲ್ಲಿ ಎನ್ನಬಹುದು. ಭೂದಾಖಲೆಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆ 2002ರ ಹೊತ್ತಿಗೆ ರಾಜ್ಯದ ಅಂದಿನ 177 ತಾಲ್ಲೂಕುಗಳನ್ನೂ ಮುಟ್ಟಿತ್ತು. ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗಾಗಿ ಅಲೆದು ಸುಸ್ತಾಗಿದ್ದವರಿಗೆ 15 ರೂಪಾಯಿಗೆ ಮುದ್ರಿತ ಪಹಣಿ ಸಿಕ್ಕಿತು. ಪಹಣಿ ಕೊಟ್ಟ ಪೆಟ್ಟಿಗೆಯೊಳಗೆ ಏನಿದೆ ಎಂದು ಆಗ ಕೇಳಿದವರು ಕಡಿಮೆ.

ಆ ಕಾಲದ ಮಾನಿಟರ್ ಎಂದರೆ ಟಿ.ವಿ.ಯಂತೆ ಹಿಂದಕ್ಕೆ ಉಬ್ಬಿದ ಗಾಜಿನ ಬುರುಡೆ. ಒಳಗೆ ಹುಟ್ಟುವ ಕ್ಷ-ಕಿರಣ ಹೊರಬಾರದಂತೆ ಗಾಜಿಗೆ ಸೀಸ ಬೆರೆಸುತ್ತಿದ್ದರು. ಸಾಮಾನ್ಯವಾಗಿ ಒಂದೊಂದರಲ್ಲೂ ಒಂದು ಕಿಲೋಗಿಂತ ಹೆಚ್ಚು. ಹಸಿರು ಫಲಕದ ಮೇಲೆ ತಾಮ್ರದ ಗೆರೆಗಳು, ಬಿಡಿಭಾಗಗಳನ್ನು ಹಿಡಿದಿಡಲು ತವರ-ಸೀಸದ ಬೆಸುಗೆ, ಜೋಡಣೆಯ ತುದಿಗಳಿಗೆ ಚಿನ್ನದ ತೆಳು ಲೇಪ. 2001ರ ಫೆಬ್ರುವರಿ 28ರಂದು ಮುಚ್ಚಿದ ಕೋಲಾರದ ಗಣಿಯಲ್ಲಿ ಕೊನೆಕೊನೆಗೆ ಒಂದು ಟನ್ ಅದಿರಿನಿಂದ ಸಿಗುತ್ತಿದ್ದ ಚಿನ್ನ ಕೆಲವೇ ಗ್ರಾಂ. ಒಂದು ಟನ್ ಹಳೆಯ ಕಂಪ್ಯೂಟರ್ ಫಲಕಗಳಲ್ಲಿ ನೂರು ಗ್ರಾಮಿಗೂ ಮಿಕ್ಕಿ ಇರಬಲ್ಲದು. ಗುಜರಿಯವರು ಅದರ ಹಿಂದೆ ಬೀಳುವುದು ಸುಮ್ಮನೆ ಅಲ್ಲ!

ಲೋಹದ ಕೆಲಸ ಬೀದರಿಗೆ ಹೊಸದೇನಲ್ಲ. ಬಹಮನಿ ಸುಲ್ತಾನರ ಕಾಲದಿಂದ ಬಂದ ಬಿದ್ರಿ ಕಲೆಯಲ್ಲಿ ಸುಮಾರು ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಕೊರೆದ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾರೆ. ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ ಬಳಿದರೆ ಸತುವಿನ ಮಿಶ್ರಣ ಮಾತ್ರ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತದೆ. 2006ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಸತುವು 420 ಡಿಗ್ರಿ ಸೆಲ್ಸಿಯಸ್‌ಗೇ ಕರಗುವುದರಿಂದ ಒಡೆದ ಎರಕವನ್ನು ಸಣ್ಣ ಕುಲುಮೆಯಲ್ಲೇ ಮತ್ತೆ ಕರಗಿಸಬಹುದು.

ಕಂಪ್ಯೂಟರ್ ಹಾಗಲ್ಲ. ಹತ್ತಾರು ಲೋಹಗಳು ಗಾಜಿನ ನಾರು, ಪ್ಲಾಸ್ಟಿಕ್‌ಗಳೊಂದಿಗೆ ಪದರ ಪದರವಾಗಿ ಅಂಟಿಕೊಂಡಿರುತ್ತವೆ. ಅವನ್ನು ಬಿಡಿಸಲು ಬಡವನಿಗೆ ಗೊತ್ತಿರುವ ದಾರಿ ಎರಡೇ: ತಾಮ್ರಕ್ಕಾಗಿ ತಂತಿ ಸುಡುವುದು, ಚಿನ್ನಕ್ಕಾಗಿ ಫಲಕವನ್ನು ಆಮ್ಲದಲ್ಲಿ ಅದ್ದುವುದು. ಸುಟ್ಟ ಪಿವಿಸಿ ಹೊದಿಕೆಯಿಂದ ಡಯಾಕ್ಸಿನ್ ಎಂಬ ವಿಷ ಹೊರಡುತ್ತದೆ. ಬಳಸಿದ ಆಮ್ಲ ಸೀಸವನ್ನು ಕರಗಿಸಿಕೊಂಡು ಚರಂಡಿ ಸೇರುತ್ತದೆ.

ಬೀದರ್ ನಗರದಲ್ಲಿ ಇದು ಇನ್ನಷ್ಟು ಯೋಚಿಸಬೇಕಾದ ಸಂಗತಿ. ಊರು ಕೂತಿರುವುದು ಜಂಬಿಟ್ಟಿಗೆಯ ದಿಬ್ಬದ ಮೇಲೆ. ರಂಧ್ರಮಯವಾದ ಈ ಕಲ್ಲಿನಲ್ಲಿ ಇಂಗಿದ ನೀರು ಕೆಳಗಿನ ಗಟ್ಟಿ ಕಪ್ಪುಶಿಲೆಯ ಮೇಲೆ ನಿಲ್ಲುತ್ತದೆ. ಹದಿನೈದನೆಯ ಶತಮಾನದವರು ನೌಬಾದಿನ ಸುರಂಗ ಬಾವಿ, ಅಂದರೆ ಕರೇಜ್, ತೋಡಿದ್ದು ಈ ಗುಟ್ಟನ್ನು ಅರಿತೇ. ನೀರು ಇಳಿಯುವ ದಾರಿಯಲ್ಲಿ ವಿಷವೂ ಇಳಿಯಬಲ್ಲದು.

ಇ-ತ್ಯಾಜ್ಯಕ್ಕೆಂದೇ ಪ್ರತ್ಯೇಕ ನಿಯಮಗಳು ಜಾರಿಗೆ ಬಂದದ್ದು 2012ರ ಮೇ 1ರಿಂದ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಹೊಸ ನಿಯಮಗಳು ಹಳೆಯ ಯಂತ್ರದ ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೂ ಗುಜರಿಯ ತಕ್ಕಡಿಯಲ್ಲಿ ತಾಮ್ರಕ್ಕೆ ಬೆಲೆಯಿದೆ. ಸೀಸದ ಗಾಜನ್ನು ಕೇಳುವವರಿಲ್ಲ.