ನೀರಿಗೆ ಜಾತಿ ಇಲ್ಲ, ಸರಿ. ತಗ್ಗಿಗೆ?

ಸ್ವಲ್ಪ ಉದ್ದದ ಪೋಸ್ಟ್ ಇದು, ಪುರುಸೊತ್ತು ಮಾಡ್ಕೊಂಡು ಓದಿ.

ಹೋದ ವಾರ ನಮ್ಮ ಓದುಬಳಗದಲ್ಲಿ ಒಬ್ಬ ಹುಡುಗ ಹೇಳಿದ: "ಅಣ್ಣ, ಇಂಗ್ಲೆಂಡಿನಂಥ ಶ್ರೀಮಂತ ದೇಶದಲ್ಲೇ ಊರೂರು ಮುಳುಗ್ತಾವೆ. ನೀರಿಗೆ ಬಡವ-ಬಲ್ಲಿದ ಅಂತ ಇಲ್ಲ. ಅದು ಪ್ರಕೃತಿ, ಯಾರೇನು ಮಾಡೋಕಾಗುತ್ತೆ?"

ನನಗೆ ಆಗ ಉತ್ತರ ಹೊಳೀಲಿಲ್ಲ. ಆದರೆ "ಯಾರೇನು ಮಾಡೋಕಾಗುತ್ತೆ" ಅನ್ನೋದು ಕೇಳಿದಾಗೆಲ್ಲ ಸಣ್ಣವನಿದ್ದಾಗ ಕೇಳಿದ ಇನ್ನೊಂದು ಮಾತು ನೆನಪಾಗುತ್ತೆ: "ನಿಮ್ಮ ಹಣೇಬರಹ." ಅದಕ್ಕೇ ಬ್ರಿಟನ್ನಿನ ಪ್ರವಾಹಗಳ ಚರಿತ್ರೆಯನ್ನ ಹುಡುಕಿ ಓದೋಕೆ ಕೂತೆ. ಸಿಕ್ಕಿದ್ದನ್ನ ಇಲ್ಲಿ ಬರೀತಿದ್ದೀನಿ.

1927ರ ಡಿಸೆಂಬರ್ 25 ನಮಗೆಲ್ಲ ಗೊತ್ತಿರೋ ದಿನ. ಮಹಾಡದಲ್ಲಿ ಬಾಬಾಸಾಹೇಬರ ನೇತೃತ್ವದಲ್ಲಿ ಮನುಸ್ಮೃತಿ ಸುಟ್ಟ ದಿನ. ಅದೇ ಕ್ರಿಸ್‌ಮಸ್ ರಾತ್ರಿ ದಕ್ಷಿಣ ಇಂಗ್ಲೆಂಡಿನಲ್ಲಿ ಭಾರೀ ಹಿಮ ಬೀಳೋಕೆ ಶುರುವಾಯ್ತು. ಎರಡಕ್ಕೂ ಸಂಬಂಧ ಇಲ್ಲ, ಕಾಲ ಯಾವುದು ಅಂತ ತಿಳಿಯಲಿ ಅಂತ ಹೇಳಿದೆ ಅಷ್ಟೆ. ಕೆಲವೇ ದಿನಗಳಲ್ಲಿ ಆ ಹಿಮ ದಿಢೀರ್ ಅಂತ ಕರಗಿತು, ಮೇಲಿಂದ ಮಳೆಯೂ ಬಂತು. 1928ರ ಜನವರಿ 6ರ ರಾತ್ರಿ ಉತ್ತರ ಸಮುದ್ರದ ಬಿರುಗಾಳಿ ಉಬ್ಬರದ ನೀರನ್ನ ಥೇಮ್ಸ್ ನದಿಯೊಳಕ್ಕೆ ದೂಡಿತು. ನಡುರಾತ್ರಿ ದಾಟಿದ ಮೇಲೆ ಲಂಡನ್ನಿನ ಮಿಲ್‌ಬ್ಯಾಂಕಿನಲ್ಲಿ ದಂಡೆಯ ಗೋಡೆ ಒಡೆಯಿತು.

ನೀರು ಪಾರ್ಲಿಮೆಂಟಿಗೂ ನುಗ್ಗಿತು. ಟೇಟ್ ಗ್ಯಾಲರಿಯ ನೆಲಮಾಳಿಗೆಯಲ್ಲಿದ್ದ ಚಿತ್ರಗಳೂ ನೆಂದವು. ಇಲ್ಲೀವರೆಗೆ ಆ ಹುಡುಗ ಹೇಳಿದ್ದು ಸರಿ, ನೀರು ಎಲ್ಲರ ಮನೆಗೂ ಹೋಯ್ತು. ಆದರೆ ಸತ್ತವರು ಯಾರು? ಒಟ್ಟು 14 ಜನ. ಬಹುತೇಕರು ನೆಲಮಾಳಿಗೆಯ ಕೋಣೆಗಳಲ್ಲಿ ವಾಸವಿದ್ದ ಬಡವರು. ಮಲಗಿದ್ದಲ್ಲೇ ಮುಳುಗಿದರು. ಅವರಲ್ಲಿ ಒಂದೇ ಮನೆಯ ನಾಲ್ವರು ಅಕ್ಕತಂಗಿಯರಿದ್ದರು. ಇನ್ನೊಂದು ಸಂಗತಿ ಕೇಳಿ. ದೊಡ್ಡ ಹಡಗುಗಳು ಒಳಗೆ ಬರಲಿ ಅಂತ ಅದಕ್ಕೂ ಮುಂಚೆ ಹತ್ತಿರ ಹತ್ತಿರ ಇಪ್ಪತ್ತು ವರ್ಷ ನದಿಯ ತಳ ಅಗೆದು ಆಳ ಮಾಡಿದ್ದರು. ಸಮುದ್ರದ ನೀರು ಮೇಲೇರಿ ಬರೋಕೆ ಅದರಿಂದ ಇನ್ನೂ ಸಲೀಸಾಯ್ತು. ಹಡಗಿನ ಲಾಭ ಬಂದಿದ್ದು ಒಬ್ಬರಿಗೆ, ನೀರು ಬಂದಿದ್ದು ಇನ್ನೊಬ್ಬರಿಗೆ.

ಇಪ್ಪತ್ತೈದು ವರ್ಷ ಮುಂದೆ ಬನ್ನಿ. 1953ರ ಜನವರಿ 31ರ ರಾತ್ರಿ ಮತ್ತೆ ಉತ್ತರ ಸಮುದ್ರ ಉಕ್ಕಿತು. ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ 307 ಜನ ಸತ್ತರು, ಎದುರು ದಡದ ನೆದರ್ಲೆಂಡ್ಸಿನಲ್ಲಿ 1,836 ಜನ. ಇಂಗ್ಲೆಂಡಿನಲ್ಲಿ ಹೆಚ್ಚು ಪೆಟ್ಟು ತಿಂದ ಜಾಗಗಳಲ್ಲಿ ಕ್ಯಾನ್ವೆ ದ್ವೀಪ ಒಂದು. ಅದು ಸಮುದ್ರದ ಉಬ್ಬರಕ್ಕಿಂತ ತಗ್ಗಿನ ನೆಲ. ಲಂಡನ್ನಿನ ದುಡಿಯೋ ಜನ ಅಗ್ಗಕ್ಕೆ ಸಿಕ್ಕಿತು ಅಂತ ಅಲ್ಲಿ ಹಗುರಾದ ಒಂದಂತಸ್ತಿನ ಮನೆ ಕಟ್ಕೊಂಡಿದ್ರು. ಐವತ್ತಕ್ಕೂ ಹೆಚ್ಚು ಜನ ಅಲ್ಲೇ ಹೋದರು. ನೀರು ಉತ್ತರದ ಲಿಂಕನ್‌ಶೈರಿಗೆ ನುಗ್ಗಿದ್ದು ಸಂಜೆ ಏಳರ ಸುಮಾರಿಗೆ, ಕ್ಯಾನ್ವೆಗೆ ಬಂದಿದ್ದು ನಡುರಾತ್ರಿ ದಾಟಿದ ಮೇಲೆ. ನಡುವೆ ಐದಾರು ಗಂಟೆ ಇತ್ತು. ಮಲಗಿದ್ದವರನ್ನ ಎಬ್ಬಿಸೋ ವ್ಯವಸ್ಥೆ ಮಾತ್ರ ಇರಲಿಲ್ಲ. ಇದಾದ ಮೇಲೆ ಎಚ್ಚರಿಕೆ ಕೊಡೋ ವ್ಯವಸ್ಥೆ ಬಂತು, 1982ರ ಹೊತ್ತಿಗೆ ಥೇಮ್ಸ್ ನದಿಗೆ ಅಡ್ಡಲಾಗಿ ದೊಡ್ಡ ತಡೆಗೇಟು ಕೆಲಸ ಶುರು ಮಾಡಿತು. ಅಂದರೆ ಏನೂ ಮಾಡೋಕಾಗಲ್ಲ ಅನ್ನೋದು ಸುಳ್ಳು.

ಇಲ್ಲೊಂದು ಮಾತು ನಿಯತ್ತಾಗಿ ಹೇಳಬೇಕು. 1928 ಮತ್ತು 1953ರ ಹೊಣೆಯನ್ನ ಹವಾಮಾನ ಬದಲಾವಣೆಯ ತಲೆಗೆ ಕಟ್ಟೋಕೆ ಬರಲ್ಲ. ಪ್ರವಾಹ ಆ ದೇಶಕ್ಕೆ ಹಳೇದು. ನಮ್ಮ ಚಳವಳಿಯವರೂ ಕೆಲವೊಮ್ಮೆ ಮಳೆ ಬಂದ್ರೂ ಹವಾಮಾನ ಬದಲಾವಣೆ, ಬರದಿದ್ರೂ ಅದೇ ಅಂತೀವಿ. ಹಾಗೆ ಮಾತಾಡಿದರೆ ನಮ್ಮ ಮಾತಿನ ತೂಕ ಹೋಗುತ್ತೆ.

ಹಾಗಾದರೆ ಸಂಬಂಧ ಎಲ್ಲಿದೆ? ಗಾಳಿ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 7% ಹೆಚ್ಚು ನೀರಾವಿ ಹಿಡಿದಿಡಬಲ್ಲದು. ಮೋಡದ ಜೋಳಿಗೆ ದೊಡ್ಡದಾಗುತ್ತೆ ಅನ್ಕೊಳ್ಳಿ, ಸುರಿದಾಗ ಜಾಸ್ತಿ ಸುರಿಯುತ್ತೆ. ಸಮುದ್ರದ ಮಟ್ಟವೂ ಏರಿದೆ. ಆದರೆ "ಈ ಒಂದು ಪ್ರವಾಹಕ್ಕೆ ಇದೇ ಕಾರಣ" ಅಂತ ಹೇಳೋದು ಹೇಗೆ? ಕವಡೆಗೆ ಯಾರೋ ಸೀಸ ತುಂಬಿದ್ದಾರೆ ಅನ್ಕೊಳ್ಳಿ. ಒಂದು ಸಲ ಬಿದ್ದ ಗರಕ್ಕೆ ಸೀಸವೇ ಕಾರಣ ಅಂತ ಹೇಳೋಕಾಗಲ್ಲ. ಸಾವಿರ ಸಲ ಎಸೆದು ನೋಡಿದರೆ ಮೋಸ ಗೊತ್ತಾಗುತ್ತೆ.

ವಿಜ್ಞಾನಿಗಳು ಮಾಡಿದ್ದೂ ಅದನ್ನೇ. 2000ದ ಶರತ್ಕಾಲದಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ 1766ರಿಂದ ಇರೋ ದಾಖಲೆಯಲ್ಲೇ ಅತಿ ಹೆಚ್ಚು ಮಳೆ ಬಿತ್ತು. ಸುಮಾರು 10,000 ಮನೆ-ಕಟ್ಟಡಗಳಿಗೆ ನೀರು ನುಗ್ಗಿತು. ಆಕ್ಸ್‌ಫರ್ಡಿನ ವಿಜ್ಞಾನಿಗಳು ಸಾಮಾನ್ಯ ಜನರ ಮನೆ ಕಂಪ್ಯೂಟರುಗಳ ಸಹಾಯ ತಗೊಂಡು ಆ ಋತುವನ್ನ ಸಾವಿರಾರು ಸಲ ಮತ್ತೆ "ನಡೆಸಿ" ನೋಡಿದರು. ಒಂದು, ಇರೋ ಹಾಗಿನ ಜಗತ್ತು. ಇನ್ನೊಂದು, ಇಪ್ಪತ್ತನೇ ಶತಮಾನದ ಹೊಗೆಯೇ ಇಲ್ಲದ ಜಗತ್ತು. 2011ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಫಲಿತಾಂಶ ಬಂತು. ಹತ್ತರಲ್ಲಿ ಒಂಬತ್ತು ಲೆಕ್ಕಗಳಲ್ಲಿ ಮನುಷ್ಯರ ಹೊಗೆ ಆ ಪ್ರವಾಹದ ಸಂಭವವನ್ನ 20%ಗಿಂತ ಹೆಚ್ಚು ಏರಿಸಿತ್ತು, ಮೂರರಲ್ಲಿ ಎರಡು ಲೆಕ್ಕಗಳಲ್ಲಿ 90%ಗಿಂತ ಹೆಚ್ಚು. ಆ ತಂಡದಲ್ಲಿದ್ದ ಮೈಲ್ಸ್ ಅಲೆನ್ ಅನ್ನೋ ವಿಜ್ಞಾನಿ 2003ರಲ್ಲೇ ಅದೇ ಪತ್ರಿಕೆಯಲ್ಲಿ ಒಂದು ಪ್ರಶ್ನೆ ಎತ್ತಿದ್ದರು: ಈ ನಷ್ಟಕ್ಕೆ ಕಾನೂನಿನ ಪ್ರಕಾರ ಯಾರನ್ನ ಹೊಣೆ ಮಾಡಬಹುದು? ಅದನ್ನ ಬರೆಯುವಾಗ ಥೇಮ್ಸ್ ನೀರು ಅವರ ಅಡುಗೆಮನೆ ಬಾಗಿಲ ಹತ್ತಿರ ಬಂದಿತ್ತು.

ನನ್ನನ್ನ ಹೆಚ್ಚು ಕಾಡಿದ ಜಾಗ ವೇಲ್ಸಿನ ಕಲ್ಲಿದ್ದಲ ಕಣಿವೆಗಳು. ಜಗತ್ತಿಗೆ ಕಲ್ಲಿದ್ದಲ ಚಟ ಹತ್ತಿಸಿದ ದೇಶ ಬ್ರಿಟನ್. ಆ ಕಲ್ಲಿದ್ದಲನ್ನ ಅಗೆದವರು ಈ ಕಣಿವೆಗಳ ಕೂಲಿಗಳು. ಅವರ ಸಾಲುಮನೆಗಳು ಕೆಳಗೆ ನದಿ ಪಕ್ಕ, ಗಣಿ ಕಸದ ಗುಡ್ಡೆಗಳು ಮೇಲೆ ಬೆಟ್ಟದಲ್ಲಿ. 1966ರ ಅಕ್ಟೋಬರ್ 21ರಂದು ಅಬೆರ್‌ಫಾನ್ ಅನ್ನೋ ಊರಲ್ಲಿ ಮಳೆನೀರು ಕುಡಿದ ಅಂಥ ಗುಡ್ಡೆಯೊಂದು ಜಾರಿ ಶಾಲೆ ಮೇಲೆ ಬಿತ್ತು. 144 ಜನ ಸತ್ತರು, ಅದರಲ್ಲಿ 116 ಮಕ್ಕಳು. ಅಪಾಯ ಇದೆ ಅಂತ ಊರವರು ಮುಂಚೆಯೇ ಹೇಳಿದ್ದರು. ಆಮೇಲೆ ಉಳಿದ ಗುಡ್ಡೆ ತೆಗೆಸೋ ಖರ್ಚಿಗೆ ಸಂತ್ರಸ್ತರಿಗೆ ಅಂತ ಜನ ಕೊಟ್ಟ ನಿಧಿಯಿಂದಲೇ 1,50,000 ಪೌಂಡ್ ತಗೊಂಡರು! ಆ ದುಡ್ಡು ವಾಪಸ್ ಬಂದಿದ್ದು 1997ರಲ್ಲಿ, ಬಡ್ಡಿ ಇಲ್ಲದೆ.

2020ರ ಫೆಬ್ರವರಿಯಲ್ಲಿ ಡೆನಿಸ್ ಬಿರುಗಾಳಿ ಬಂದಾಗ ಅದೇ ಸೀಮೆಯ ಪಾಂಟಿಪ್ರಿತ್ ಪಟ್ಟಣ ಮುಳುಗಿತು. ಟೈಲರ್ಸ್‌ಟೌನಿನಲ್ಲಿ ಮತ್ತೊಂದು ಗಣಿಕಸದ ಗುಡ್ಡೆ ಜಾರಿತು. ಆ ತಿಂಗಳು ಬ್ರಿಟನ್ನಿನ ದಾಖಲೆಯಲ್ಲೇ ಅತಿ ಹೆಚ್ಚು ಮಳೆಯ ಫೆಬ್ರವರಿ. 2024ರ ನವೆಂಬರಿನಲ್ಲಿ ಪಾಂಟಿಪ್ರಿತ್ ಮತ್ತೆ ಮುಳುಗಿತು. ಅಜ್ಜ ಅಗೆದ ಕಲ್ಲಿದ್ದಲು ಹೊಗೆಯಾಗಿ ಮೇಲೆ ಹೋಗಿದೆ, ಲಾಭ ಯಾರ ಜೇಬಿಗೋ ಹೋಗಿದೆ. ಮೊಮ್ಮಗ ಮನೆಯೊಳಗಿನ ಕೆಸರು ಬಳೀತಿದ್ದಾನೆ. ಅವನು ನಮ್ಮ ಶತ್ರು ಅಲ್ಲ ಗೆಳೆಯರೇ.

ಇದನ್ನೆಲ್ಲ ಓದ್ತಾ ನನಗೆ ಮಲಪ್ರಭೆ ದಂಡೆಯ ನಮ್ಮೂರು ಕಣ್ಮುಂದೆ ಬಂತು. 2009ರಲ್ಲೂ 2019ರಲ್ಲೂ ನೀರು ಮೊದಲು ಬಂದಿದ್ದು ನಮ್ಮ ಕೇರಿಗೆ. ಊರ ಮುಂದಿನ ಗುಡಿಯ ಕಟ್ಟೆ ಒಣಗೇ ಇತ್ತು. ಕೇರಿಯನ್ನ ತಗ್ಗಿನಲ್ಲಿ ಇಟ್ಟಿದ್ದು ಪ್ರಕೃತಿಯಲ್ಲ. ನಮ್ಮವ್ವ ಗೋಡೆ ತೋರಿಸಿ "ಇಲ್ಲೀ ಮಟ ಬಂದಿತ್ತು" ಅಂತಿದ್ಲು. ಆ ಗೋಡೆ 2019ರಲ್ಲಿ ಬಿತ್ತು. ಪರಿಹಾರದ ಅರ್ಜಿ ಹಿಡ್ಕೊಂಡು ಹೋದಾಗ ಮೇಜಿನ ಹಿಂದೆ ಕೂತವರು ಕೇಳಿದ್ದು ಒಂದೇ: "ನೀರು ಎಷ್ಟು ಬಂದಿತ್ತು ಅನ್ನೋಕೆ ಪುರಾವೆ ಏನಿದೆ?"

ಬ್ರಿಟನ್ನಿನಿಂದ ನಾನು ಕಲಿತ ಪಾಠ ಇಲ್ಲೇ ಇದೆ. ಅಲ್ಲಿ ವೂಸ್ಟರ್ ಪಟ್ಟಣದಲ್ಲಿ ಕೆಥೆಡ್ರಲ್ ಕೆಳಗೆ ನದೀ ಬಾಗಿಲ ಗೋಡೆ ಮೇಲೆ ನೂರಾರು ವರ್ಷಗಳ ಪ್ರವಾಹದ ಮಟ್ಟವನ್ನ ಇಸವಿ ಸಮೇತ ಕೆತ್ತಿದ್ದಾರೆ. 1766ರಿಂದ ಮಳೆ ಲೆಕ್ಕ ಇಟ್ಟಿದ್ದಕ್ಕೇ 2000ದ ಮಳೆ ಮಾಮೂಲಿ ಅಲ್ಲ ಅಂತ ತೋರಿಸೋಕೆ ಸಾಧ್ಯವಾಯ್ತು. ದಾಖಲೆ ಇದ್ದವರು "ಇದು ಯಾರ ತಪ್ಪು" ಅಂತ ಕೇಳಬಹುದು. ಇಲ್ಲದವರಿಗೆ ಹಣೇಬರಹ ಅನ್ನೋ ಉತ್ತರವೇ ಗತಿ. ಮುಂದೆ "ಹವಾಮಾನ ಬದಲಾವಣೆ" ಅನ್ನೋ ಮಾತನ್ನೂ ಹಣೇಬರಹದ ಹಾಗೇ ನಮ್ಮ ಮುಂದೆ ಹಿಡೀತಾರೆ, ನೋಡ್ತಿರಿ. ಗಟಾರ ಕಟ್ಟದವರು, ಎಚ್ಚರಿಕೆ ಕೊಡದವರು ಎಲ್ಲ ಅದರ ಹಿಂದೆ ಅಡಗ್ತಾರೆ.

ಅದಕ್ಕೇ ಒಂದು ಕೋರಿಕೆ. ನಿಮ್ಮ ಕೇರಿಯಲ್ಲಿ ನೀರು ಬಂದಿದ್ರೆ ಹಿರಿಯರನ್ನ ಕೇಳಿ. ಎಲ್ಲೀವರೆಗೆ ಬಂದಿತ್ತು ಅಂತ ಸಮುದಾಯ ಭವನದ ಗೋಡೆ ಮೇಲೆ ಬಣ್ಣದಲ್ಲಿ ಗೆರೆ ಎಳೆದು ಇಸವಿ ಬರೀರಿ. ಫೋಟೋ ತೆಗೆದು ತಾರೀಖು ಹಾಕಿ ಇಟ್ಕೊಳ್ಳಿ. ಎಚ್ಚರಿಕೆ ಯಾವಾಗ ಬಂತು, ಯಾರಿಗೆ ಮೊದಲು ಬಂತು, ಪರಿಹಾರ ಯಾರಿಗೆ ಸಿಕ್ತು, ಅದನ್ನೂ ಬರೆದಿಡಿ. ಆ ಹುಡುಗನಿಗೂ ಇದನ್ನೇ ಹೇಳಿದ್ದೀನಿ. ಬರೋ ಭಾನುವಾರ ಅವನೂ ನಾನೂ ಬಣ್ಣದ ಡಬ್ಬಿ ತಗೊಂಡು ಊರಿಗೆ ಹೊರಟಿದ್ದೀವಿ.

ಜೈ ಭೀಮ್.