ಅಜ್ಜನ ಕಾಲದ ಬೋಲ್ಟ್ ರೈಫಲ್ ತ್ರೀನಾಟ್‌ತ್ರೀನೇನಾ? ಗುರುತು ಹಿಡಿಯೋದು ಹೀಗೆ

ಮಡಿಕೇರಿ: ಕೈಲ್ ಮುಹೂರ್ತ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಕೆಳಗಿಳಿಯುತ್ತೆ. ಒರೆಸಿ, ಎಣ್ಣೆ ಹಚ್ಚಿ, ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡ್ತಾರೆ. ಒಂಟಿ ನಳಿಗೆ, ಜೋಡಿ ನಳಿಗೆ ಕೋವಿಗಳ ಬಗ್ಗೆ ಯಾರಿಗೂ ಗೊಂದಲ ಇರಲ್ಲ. ಗೊಂದಲ ಇರೋದು ಅಜ್ಜನೋ ದೊಡ್ಡಪ್ಪನೋ ಬಿಟ್ಟುಹೋದ ಬೋಲ್ಟ್ ರೈಫಲ್ ಬಗ್ಗೆ. ಕೇಳಿದರೆ 'ಮಿಲಿಟರಿದು, ತ್ರೀನಾಟ್‌ತ್ರೀ' ಅನ್ನೋ ಉತ್ತರ ಬರುತ್ತೆ. ಆ ಉತ್ತರವನ್ನ ಹಾಗೇ ನಂಬೋದು ಕಷ್ಟ.

ಯಾಕಂದ್ರೆ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿ ಒಂದರಿಂದಲೇ ನೋಡೋಕೆ ಹತ್ತಿರಹತ್ತಿರ ಒಂದೇ ಥರ ಇರೋ ನಾಲ್ಕು ಬಗೆ ಹೊರಬಂದಿವೆ: .303, 7.62, .410 ಮತ್ತು .315. ನಾಲ್ಕಕ್ಕೂ ತೋಟೆ ಬೇರೆ, ಕಾನೂನಿನ ಲೆಕ್ಕವೂ ಬೇರೆ. ತಪ್ಪು ತೋಟೆ ಹಾಕಿದರೆ ಮೊದಲ ಏಟು ಬೀಳೋದು ಬೋಲ್ಟ್ ಹಿಂದೆ ಇರೋ ಮುಖಕ್ಕೆ.

ನೋಡುವ ಮುಂಚೆ ಒಂದು ಕೆಲಸ. ಮ್ಯಾಗಜಿನ್ ತೆಗೆದು, ಬೋಲ್ಟ್ ಹಿಂದಕ್ಕೆ ಎಳೆದು, ನಳಿಗೆಯ ಬುಡದಲ್ಲಿ ತೋಟೆ ಇಲ್ಲ ಅಂತ ಕಣ್ಣಲ್ಲಿ ನೋಡಿ, ಬೆರಳಲ್ಲೂ ಮುಟ್ಟಿ ಖಚಿತ ಮಾಡಿಕೊಳ್ಳಬೇಕು. 'ಇಪ್ಪತ್ತು ವರ್ಷದಿಂದ ಖಾಲಿನೇ ಇದೆ' ಅನ್ನೋ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಆಮೇಲೆ ನೋಡಬೇಕಾದ್ದು ಬೋಲ್ಟ್ ಹಿಡಿಯ ಕೆಳಗೆ, ಹಿಂದಿನ ಮರ ಬಂದು ಸೇರುವ ಕಬ್ಬಿಣದ ಪಟ್ಟಿ. ಅದರ ಬಲಬದಿಯಲ್ಲಿ ರೈಫಲಿನ ಜಾತಕ ಇರುತ್ತೆ. ಮೇಲೆ ಕಿರೀಟ, ಅದರ ಕೆಳಗೆ ರಾಜನ ಹೆಸರಿನ ಅಕ್ಷರ, ತಯಾರಕರ ಹೆಸರು, ಇಸವಿ, ಕೊನೆಗೆ ಮಾಡೆಲ್. ಇಂಗ್ಲೆಂಡಿನ ಎನ್‌ಫೀಲ್ಡ್, ಬಿಎಸ್‌ಎ, ಎಲ್‌ಎಸ್‌ಎ, ಆಸ್ಟ್ರೇಲಿಯಾದ ಲಿತ್‌ಗೋ, ನಮ್ಮ ಇಶಾಪುರ, ಇವಿಷ್ಟು ಮುಖ್ಯ ಹೆಸರುಗಳು. 'ಜಿ.ಆರ್.ಐ.' ಅಂತ ಇದ್ದರೆ ಅದು ಇಶಾಪುರದ್ದು. ಕೊನೆಯ 'ಐ' ಇಂಪರೇಟರ್, ಅಂದರೆ ಚಕ್ರವರ್ತಿ ಅನ್ನೋದರ ಗುರುತು. ಸ್ವಾತಂತ್ರ್ಯದ ನಂತರ ಇಶಾಪುರದಲ್ಲಿ ಕಿರೀಟ ಹೋಗಿ ಅಶೋಕ ಸಿಂಹ ಬಂತು, ಜೊತೆಗೆ 'ಆರ್.ಎಫ್.ಐ.' ಅನ್ನೋ ಮೂರಕ್ಷರ.

ಮಾಡೆಲ್ ಸಾಲಿನಲ್ಲಿ 'ಎಸ್.ಎಚ್.ಟಿ. ಎಲ್.ಇ.' ಅಂತಿದ್ದು ರೋಮನ್ ಮೂರು ಇದ್ದರೆ ಅದು 1907ರ ಲೀ ಎನ್‌ಫೀಲ್ಡ್ ಮಾರ್ಕ್ 3. ಮೂರರ ಪಕ್ಕ ನಕ್ಷತ್ರ ಇದ್ದರೆ ಮೊದಲ ಮಹಾಯುದ್ಧದ ಹೊತ್ತಲ್ಲಿ ಕೆಲವು ಭಾಗ ಬಿಟ್ಟು ಸರಳ ಮಾಡಿದ ನಮೂನೆ. ಹತ್ತು ತೋಟೆಯ ಮ್ಯಾಗಜಿನ್, ಸುಮಾರು 4 ಕೆ.ಜಿ. ತೂಕ, ಮೂತಿ ಮೊಂಡು. ಮೂತಿ ಮುಂದೆ ನಳಿಗೆಯ ತುದಿ ಒಂದಿಷ್ಟು ಚಾಚಿಕೊಂಡಿದ್ದರೆ ಅದು ಎರಡನೇ ಮಹಾಯುದ್ಧದ ನಂಬರ್ 4. ಇದರಲ್ಲಿ ಅಮೆರಿಕದ ಸ್ಯಾವೇಜ್ ಕಂಪನಿ ಮಾಡಿದ್ದರ ಮೇಲೆ 'ಯು.ಎಸ್. ಪ್ರಾಪರ್ಟಿ' ಅಂತ ಇರುತ್ತೆ, ಆದರೂ ಅದು ಬ್ರಿಟಿಷ್ ಸೈನ್ಯಕ್ಕೆ ಮಾಡಿದ ರೈಫಲ್ಲೇ. ಇವೆಲ್ಲ ನಿಜವಾದ ತ್ರೀನಾಟ್‌ತ್ರೀ. ಉತ್ತರ ಪ್ರದೇಶದ ಪೊಲೀಸರು ಇದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಲ್ಲಿ ಅಂದರೆ ಇದರ ಆಯಸ್ಸು ಎಷ್ಟು ಅಂತ ಲೆಕ್ಕ ಹಾಕಿಕೊಳ್ಳಬಹುದು.

ಈಗ ಮೋಸ ಹೋಗುವ ಜಾಗಗಳು. ಮ್ಯಾಗಜಿನ್ ಚೌಕಾಕಾರ ಇದ್ದು, '7.62 ಎಂ.ಎಂ. 2ಎ' ಅಥವಾ '2ಎ1' ಅಂತ ಇದ್ದರೆ ಅದು 1962ರ ಚೀನಾ ಯುದ್ಧದ ನಂತರ ಇಶಾಪುರ ಹೊಸದಾಗಿ, ಗಟ್ಟಿ ಉಕ್ಕಿನಲ್ಲಿ ಮಾಡಿದ್ದು. ಮೇಲ್ನೋಟಕ್ಕೆ ಹಳೇ ಮಾರ್ಕ್ 3ರ ತಮ್ಮನೇ. ಇದಕ್ಕೆ .303 ತೋಟೆ ಅಲ್ಲ.

ಎರಡನೇದು .410 ಮಸ್ಕೆಟ್. ಇದು ಪೊಲೀಸ್, ಜೈಲು ಕಾವಲಿನವರಿಗೆ ಅಂತ ಹಳೇ ರೈಫಲಿನ ಮೈಯಲ್ಲೇ ಮಾಡಿದ್ದು. ನಳಿಗೆ ಒಳಗೆ ಸುತ್ತು ಗೆರೆ ಇಲ್ಲ, ನುಣುಪು. ಮ್ಯಾಗಜಿನ್ ಜಾಗದಲ್ಲಿ ಮರದ ತುಂಡು ತುಂಬಿರೋದೂ ಉಂಟು, ಒಂದೊಂದೇ ತೋಟೆ ಹಾಕಬೇಕು. ಅಂಗಡಿಯ .410 ಛರ್ರೆ ತೋಟೆಯೂ ಈ ಮಸ್ಕೆಟ್ಟಿನ ತೋಟೆಯೂ ಒಂದೇ ಅಲ್ಲ.

ಮೂರನೇದೇ ನಾಗರಿಕರ ಕೈಯಲ್ಲಿ ಇರಬಹುದಾದ್ದು: .315 ಸ್ಪೋರ್ಟಿಂಗ್ ರೈಫಲ್. ಬ್ರಿಟಿಷರ ಕಾಲದಲ್ಲಿ ಸೈನ್ಯದ ತೋಟೆ ಜನರ ಕೈಗೆ ಹೋಗಬಾರದು ಅಂತ ಕಟ್ಟು ಇತ್ತು. ಅದಕ್ಕೇ ಅದೇ ಲೀ ಬೋಲ್ಟ್ ಇಟ್ಟುಕೊಂಡು, ತೋಟೆ ಮಾತ್ರ ಬೇರೆ ಮಾಡಿ 8 ಎಂ.ಎಂ. ರೈಫಲ್ ಮಾರಿದರು. ಬಿಎಸ್‌ಎಯೂ ಮಾಡಿತು, ಆಮೇಲೆ ನಮ್ಮ ಆರ್ಡ್ನೆನ್ಸ್ ಫ್ಯಾಕ್ಟರಿಯೂ ಮಾಡಿತು. ಮುಂದಿನ ಮರ ಅರ್ಧಕ್ಕೇ ನಿಂತು ನಳಿಗೆ ಬೋಳಾಗಿ ಕಾಣೋದು ಇದರ ಲಕ್ಷಣ. ಆದರೆ ಅದೊಂದನ್ನೇ ನಂಬುವಂತಿಲ್ಲ. ಮಿಲಿಟರಿ ರೈಫಲಿನ ಮರವನ್ನೇ ಕೊಯ್ದು ಶಿಕಾರಿ ರೈಫಲ್ ಮಾಡಿಸಿಕೊಂಡವರೂ ಇದ್ದಾರೆ. ನಳಿಗೆ ಮೇಲಿನ ಮೊಹರು ಓದದೆ ತೀರ್ಮಾನ ಆಗಲ್ಲ.

ಸಣ್ಣ ಗುರುತುಗಳೂ ಮುಖ್ಯ. ಬಾಣದ ಗುರುತು ಸರ್ಕಾರದ ಸೊತ್ತು ಅನ್ನೋದಕ್ಕೆ. ಬಾಣದ ಕೆಳಗೆ 'ಐ' ಇದ್ದರೆ ಭಾರತ ಸರ್ಕಾರದ್ದು. ಎರಡು ಬಾಣ ಮೂತಿಗೆ ಮೂತಿ ತಾಗಿಸಿಕೊಂಡಿದ್ದರೆ ಸೇನೆಯೇ ಅದನ್ನ ಮಾರಿ ಹೊರಗೆ ಹಾಕಿದೆ ಅಂತ ಅರ್ಥ, ಸರ್‌ಪ್ಲಸ್ ಅನ್ನೋದಕ್ಕೆ ಕಬ್ಬಿಣದ ಮೇಲಿನ ಸಾಕ್ಷಿ. 'ಡಿ.ಪಿ.' ಅಂತ ಹೊಡೆದಿದ್ದರೆ ಅದು ಕವಾಯತಿಗೆ ಮಾತ್ರ, ಗುಂಡು ಹಾರಿಸಲು ಅಯೋಗ್ಯ. ಇನ್ನು ನಳಿಗೆ ಬುಡದ ನಂಬರು, ಬೋಲ್ಟ್ ಹಿಡಿಯ ಹಿಂದಿನ ನಂಬರು ತಾಳೆ ಆಗಬೇಕು. ಆಗದಿದ್ದರೆ ಬೋಲ್ಟ್ ಬೇರೆ ರೈಫಲಿಂದು. ತೋಟೆ ಕೂರುವ ಜಾಗದ ಅಳತೆ ಹೆಚ್ಚುಕಮ್ಮಿ ಇರಬಹುದು. ಅಂಥದ್ದನ್ನ ಪರಿಣತರು ಅಳತೆ ನೋಡದೆ ಹಾರಿಸೋ ಮಾತೇ ಇಲ್ಲ.

ಇಷ್ಟೆಲ್ಲ ಯಾಕೆ ಅಂದ್ರೆ, .303, 7.62 ಮತ್ತು .410 ಮಸ್ಕೆಟ್ಟುಗಳನ್ನ 1962ರ ಶಸ್ತ್ರಾಸ್ತ್ರ ನಿಯಮಗಳಲ್ಲೇ ಮಾಮೂಲಿ ಲೈಸೆನ್ಸ್ ಕೋವಿಗಳಿಂದ ಬೇರೆ, ನಿರ್ಬಂಧಿತ ವರ್ಗಕ್ಕೆ ಹಾಕಿದ್ದರು. .315ನ್ನ ಅಲ್ಲಿ ಹೆಸರಿಸಿಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನ ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷ ಮುಂದುವರಿಸಿತು, ಹೈಕೋರ್ಟು 2021ರಲ್ಲಿ ಎತ್ತಿಹಿಡಿಯಿತು. ಹಾಗಂತ ವಿನಾಯಿತಿ ಇದೆ ಅಂದಮಾತ್ರಕ್ಕೆ ಯಾವ ಕೋವಿ ಬೇಕಾದರೂ ಇಟ್ಟುಕೊಳ್ಳಬಹುದು ಅಂತಲ್ಲ. ಪತ್ರದಲ್ಲಿ .315 ಅಂತಿದ್ದು ಕಬ್ಬಿಣದ ಮೇಲೆ .303 ಅಂತಿದ್ದರೆ, ಯಜಮಾನರು ತೀರಿಕೊಂಡು ಮಕ್ಕಳ ಹೆಸರಿಗೆ ಮಾಡಿಸುವಾಗ ಮಾತು ಬರೋದು ಅಲ್ಲೇ. ಕಾಗದಪತ್ರವೇ ಇಲ್ಲದ ರೈಫಲ್ ಸಿಕ್ಕಿದರೆ ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಿ ಒಪ್ಪಿಸೋದೇ ದಾರಿ.

ಮೊಹರು ತುಕ್ಕಿನಲ್ಲಿ ಮುಚ್ಚಿದ್ದರೆ ಮರಳು ಕಾಗದ ಹಾಕಿ ಉಜ್ಜಬಾರದು. ಎಣ್ಣೆ ಬಿಟ್ಟು ಒಂದು ದಿನ ನೆನೆಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಓರೆಯಾಗಿ ಟಾರ್ಚ್ ಹಿಡಿದರೆ ಅಕ್ಷರ ಏಳುತ್ತೆ. ಹೊಳಪಿನ ಆಸೆಗೆ ನಂಬರು ಉಜ್ಜಿ ಹಾಕಿದರೆ ರೈಫಲಿನ ಗುರುತು ಹೋಯ್ತು. ಕೋವಿಯ ಮೇಲಿನ ನಂಬರು, ಹೆಸರು ಅಳಿಸೋದನ್ನ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ನಿಷೇಧಿಸಿದೆ.